ನಡುವಿನ ಸಾಲಿನ ಬಂದೂಕು

ಜರ್ಮನಿಯ ಆ ಬಂದೂಕಿನ ಅಂಗಡಿಗೆ ನಾಲ್ಕು ಶನಿವಾರ ಹೋದೆ, ನಾಲ್ಕು ಸಲವೂ ಬರಿಗೈಯಲ್ಲಿ ವಾಪಸ್ಸು ಬಂದೆ. ರೇಗನ್ಸ್‌ಬರ್ಗ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಗೋಡೆಯ ಮೇಲಿನ ಸಾಲಿನಲ್ಲಿ ನಕಾಶಿ ಕೆತ್ತಿದ ಅಕ್ರೋಟು ಮರದ ರೈಫಲ್‌ಗಳು. ಕೆಳಗಿನ ಸಾಲಿನಲ್ಲಿ ಯಾರೋ ಬಳಸಿ ಮಾರಿದವು. ನಡುವೆ ನನ್ನಂಥ ಸಂಬಳದವರಿಗೆ ಎಟುಕುವಂಥವು. ಎಲ್ಲವೂ ಬೋಲ್ಟ್ ಎಳೆದು ಒಂದೊಂದೇ ಗುಂಡು ಏರಿಸುವ ಜಾತಿ. ನಾಲ್ಕನೆಯ ವಾರ ಅಂಗಡಿಯ ಮುದುಕ ನನ್ನನ್ನು ಕಂಡು ಕಾಫಿ ಮುಂದಿಟ್ಟನೇ ಹೊರತು ಬಂದೂಕು ಇಳಿಸಲಿಲ್ಲ.

ಅವಸರವಿದ್ದದ್ದು ನನಗೆ. ನವೆಂಬರ್ ಹತ್ತಿರ ಬರುತ್ತಿತ್ತು.

ಕಂಪ್ಯೂಟರಿನವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಬಂದ ಎರಡನೆಯ ವರ್ಷವೇ ನಾನು ಬೇಟೆಗಾರರ ಪರೀಕ್ಷೆ ಪಾಸು ಮಾಡಿದ್ದೆ. ಮರದ ಎಲೆ, ಹಕ್ಕಿಯ ಗರಿ, ಪ್ರಾಣಿಯ ಹಲ್ಲು, ಕಾನೂನು, ಎಲ್ಲವನ್ನೂ ಜರ್ಮನ್‌ನಲ್ಲಿ ಬಾಯಿಪಾಠ ಮಾಡಿ ಬರೆದೆ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲಿಗ ನಾನು, ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಬಿ.ಇ. ಸರ್ಟಿಫಿಕೇಟಿನ ಪಕ್ಕದಲ್ಲಿ ಇದನ್ನೂ ಫ್ರೇಮು ಹಾಕಿಸಿ ತೂಗುಹಾಕಿದೆ.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು ಒಂದು ತುಂಡು ಕಾಡನ್ನು ಬೇಟೆಗೆಂದು ಗುತ್ತಿಗೆ ಹಿಡಿದಿದ್ದ. ಫಲಿತಾಂಶ ಕೇಳಿ ಬೆನ್ನು ತಟ್ಟಿದ. "ನವೆಂಬರಿನಲ್ಲಿ ನಮ್ಮ ಕಾಡಲ್ಲಿ ಬೇಟೆ ಇದೆ. ನೀನೂ ಬಾ, ಟ್ರೈಬರ್ ಆಗಿ. ಹೊಸಬರೆಲ್ಲ ಹಾಗೇ ಶುರುಮಾಡೋದು."

ಟ್ರೈಬರ್ ಅಂದರೆ ಪೊದೆ ಬಡಿದು ಪ್ರಾಣಿಗಳನ್ನು ಬಂದೂಕಿನವರ ಕಡೆಗೆ ಎಬ್ಬಿಸುವವನು. ನನ್ನ ಕಿವಿ ಬಿಸಿಯಾಯಿತು.

ನಮ್ಮೂರು ಕಲಘಟಗಿ ಕಡೆಯ ಕಾಡಂಚಿನದು. ಬೇಟೆ ನಿಷೇಧವಾದ ಮೇಲೂ ಕೆಲವು ವರ್ಷ ಅಲ್ಲಿ ಗೌಡರ ಮಾತೇ ಕಾನೂನು. ಅವರು ಬಂದೂಕು ಹಿಡಿದು ಹೊರಟರೆ ಹಲಗೆ ಬಡಿಯುತ್ತ ಮುಳ್ಳುಕಂಟಿಗೆ ನುಗ್ಗುವ ಆಳುಗಳಲ್ಲಿ ನನ್ನ ಅಪ್ಪನೂ ಒಬ್ಬ. ಮಾಂಸ, ಚರ್ಮ, ಕೋಡು ಗೌಡರ ಮನೆಗೆ. ಎಬ್ಬಿಸಿದವರಿಗೆ ಗುಂಡಿಗೆ, ಈಲಿ, ಬೋಟಿ, ಒಳಗಿನದಷ್ಟೇ. ಅಪ್ಪ ಅದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಿದ್ದ. ಗೌಡರ ಬಂದೂಕು ಒರೆಸಿಡುವ ಕೆಲಸವೂ ಅವನದೇ. ಒಂದು ಸಲವೂ ಅದನ್ನು ಭುಜಕ್ಕೇರಿಸಲಿಲ್ಲ.

"ನಾನು ಬಂದೂಕು ತರ್ತೀನಿ," ಅಂದುಬಿಟ್ಟೆ.

"ತಂದರೆ ನಿಲ್ಲೋಕೆ ಜಾಗ ಕೊಡ್ತೀನಿ," ಅಂದ ಅವನು, ಏನೂ ಆಗಿಲ್ಲವೆಂಬ ಹಾಗೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತೂಕ, ನಳಿಕೆಯ ಉದ್ದ, ಗುಂಡಿನ ಅಳತೆ, ಟ್ರಿಗರಿನ ಬಿಗಿ, ಬೆಲೆ, ಎಲ್ಲಕ್ಕೂ ಒಂದೊಂದು ಕಾಲಮ್ ಹಾಕಿ, ಅಂಕ ಕೊಟ್ಟು, ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದೆ. ಜರ್ಮನಿಗೆ ನನ್ನ ಜೊತೆಗೇ ಬಂದು ಒಂದೇ ಮನೆಯಲ್ಲಿದ್ದ ಧಾರವಾಡದ ಗೆಳೆಯ ಹಿಂದೆ ನಿಂತು ಓದಿದ.

"ಏನಲೇ ಇದು? ಹೆಣ್ಣು ನೋಡಾಕ ಹೋದಾಗೂ ಇಷ್ಟು ಕಾಲಮ್ ಹಾಕಿದ್ದಿಲ್ಲ ನೀ."

"ಸುಮ್ನಿರಪಾ. ಹದಿನೇಳು ಬಂದೂಕ ಅದಾವ, ಒಂದ ಆರಸಬೇಕು."

"ಒಂದ ಜಿಂಕಿಗೆ ಹದಿನೇಳು ಬಂದೂಕ! ನೀ ಆರಸೂದ್ರೊಳಗ ಆ ಜಿಂಕಿ ಮುಪ್ಪಾಗಿ ಸಾಯ್ತೈತಿ ತಗೋ."

ನಿಜ ಹೇಳಬೇಕೆಂದರೆ ಆರಿಸಿ ಆಗಿತ್ತು. ಮೇಲಿನ ಸಾಲಿನ ಒಂದು ರೈಫಲ್ ಗೌಡರ ಬಂದೂಕನ್ನೇ ಹೋಲುತ್ತಿತ್ತು, ಹಿಂಬದಿಯ ಮರದ ಮೇಲೆ ಬಳ್ಳಿಯ ಕೆತ್ತನೆ. ಅದೇ ಮೊದಲು ಬರುವವರೆಗೆ ಪಟ್ಟಿಯಲ್ಲಿ ಅಂಕಗಳನ್ನು ತಿದ್ದಿದೆ. 'ಮರದ ಅಂದ' ಅಂತ ಹೊಸ ಕಾಲಮ್ಮನ್ನೂ ಸೇರಿಸಿದೆ. ಹೀಗೆ ತಿದ್ದಿದ್ದು ನನಗೇ ಗೊತ್ತಿತ್ತಲ್ಲ, ಹಾಗಾಗಿ ಕೊಳ್ಳಲು ಧೈರ್ಯವಾಗುತ್ತಿರಲಿಲ್ಲ.

ಐದನೆಯ ಶನಿವಾರ ಮುದುಕನ ತಾಳ್ಮೆ ಮುಗಿದಿತ್ತು. ನಾನು ತೋರಿಸಿದ ಕೆತ್ತನೆಯ ರೈಫಲ್ಲನ್ನು ಖಾಲಿ ಇದೆಯೇ ಅಂತ ನೋಡಿ ಕೈಗಿತ್ತ.

"ಗೋಡೆಯ ಮೇಲಿನ ಆ ಕೊಂಬಿನ ತಲೆ ನೋಡಿ. ಈಗ ಕಣ್ಣು ಮುಚ್ಚಿ. ಭುಜಕ್ಕೆ ಏರಿಸಿ. ಕಣ್ಣು ಬಿಡಿ. ಬಂದೂಕಿನ ಮೇಲಿನ ದುರ್ಬೀನಿನಲ್ಲಿ ಏನು ಕಾಣುತ್ತೆ?"

"ಕಪ್ಪು."

"ಅದು ಉದ್ದ ತೋಳಿನವರಿಗೆ ಮಾಡಿದ್ದು, ನಿಮ್ಮ ಕಣ್ಣು ದುರ್ಬೀನಿಗೆ ಎಟುಕಲ್ಲ. ಕತ್ತರಿಸಿದರೆ ಕೆತ್ತನೆ ಹಾಳಾಗುತ್ತೆ."

ನಡುವಿನ ಸಾಲಿನಿಂದ ಒಂದನ್ನು ಇಳಿಸಿದ. ಬೀಚ್ ಮರ, ಒಂದು ಗೆರೆಯ ಕೆತ್ತನೆಯೂ ಇಲ್ಲ, ಗುದ್ದಲಿಯ ಕಾವಿನಷ್ಟು ಸಾದಾ. ಮತ್ತೆ ಕಣ್ಣು ಮುಚ್ಚಿ ಬಿಟ್ಟೆ. ಅಂಚಿನಲ್ಲಿ ಮಾತ್ರ ಒಂಚೂರು ಕಪ್ಪು ಉಳಿದಿತ್ತು. ಮುದುಕ ನನ್ನ ಮೊಣಕೈಯಿಂದ ಬೆರಳವರೆಗೆ ಅಳೆದ.

"ಹಿಂಬದಿಯ ಮರ ಎರಡು ಬೆರಳು ಕತ್ತರಿಸಿದರೆ ಸರಿಹೋಗುತ್ತೆ. ಆಮೇಲೆ ಇದು ನಿಮಗೆ ಮಾತ್ರ. ವಾಪಸ್ಸು ತಗೊಳ್ಳಲ್ಲ. ಕತ್ತರಿಸಲಾ?"

ನಾನು ಮೇಲಿನ ಸಾಲು ನೋಡಿದೆ, ಕೆಳಗೆ ನೋಡಿದೆ, ಬಾಗಿಲವರೆಗೆ ಹೋಗಿ ತಿರುಗಿ ಬಂದೆ. "ಕತ್ತರಿಸಿ."

ಬೇಟೆಯ ದಿನ ಬೆಳಿಗ್ಗೆ ನನ್ನನ್ನು ಕಾಡಂಚಿನ ಒಂದು ಗಿಡ್ಡ ಅಟ್ಟಣೆಯ ಮೇಲೆ ನಿಲ್ಲಿಸಿದರು. ದೂರದಲ್ಲಿ "ಹೊಪ್! ಹೊಪ್!" ಕೂಗು, ಕೋಲಿನ ಬಡಿತ ಶುರುವಾಯಿತು. ಚಿಕ್ಕಂದಿನಲ್ಲಿ ನಾನು ಆ ಸದ್ದನ್ನು ಅದರ ಹಿಂದೆ ನಿಂತು ಕೇಳಿದ್ದೆ. ಈಗ ಅದು ನನ್ನೆದುರಿಗೆ ಬರುತ್ತಿತ್ತು. ಮೂರು ಸಲ ಗುಂಡು ಇದೆಯೋ ಇಲ್ಲವೋ ಅಂತ ನೋಡಿಕೊಂಡೆ. ಅಷ್ಟರಲ್ಲಿ ಒಂದು ಜಿಂಕೆ ಹೊರಬಂತು. ಇಲ್ಲಿಯ ಜಿಂಕೆ ಚಿಕ್ಕದು, ಆಡಿನ ಗಾತ್ರದ್ದು. ಹತ್ತಿರದಲ್ಲೇ ನಿಂತು ಹಿಂದೆ ತಿರುಗಿ ನೋಡಿತು. ಬಂದೂಕು ಏರಿಸಿದೆ. ಎಲ್ಲೂ ಕಪ್ಪಿಲ್ಲ, ದುಂಡನೆಯ ಬೆಳಕು, ನಡುವೆ ಜಿಂಕೆ, ಅದರ ಹಿಂದೆ ಬರೀ ಮಣ್ಣಿನ ದಿಬ್ಬ. ಒಂದೇ ಗುಂಡಿಗೆ ಬಿತ್ತು.

ಸದ್ದೆಲ್ಲ ನಿಂತ ಮೇಲೆ ಪೊದೆಯಿಂದ ಕಿತ್ತಳೆ ಅಂಗಿಯ ಟ್ರೈಬರ್ ಒಬ್ಬ ಕೈತುಂಬ ಮುಳ್ಳಿನ ಗೀರಿನೊಂದಿಗೆ ಹೊರಬಂದ. ನೋಡಿದರೆ ನನ್ನ ಪಕ್ಕದ ಮೇಜಿನವನು, ಆ ಬೇಟೆಯ ಯಜಮಾನ.

"ನೀನಾ? ಎಬ್ಬಿಸೋಕೆ?"

"ಪ್ರತಿ ವರ್ಷ ನಾನೇ. ಕಾಡು ಗೊತ್ತಿರೋನು ಒಳಗೆ ಹೋಗಬೇಕಲ್ಲ?"

ಜಿಂಕೆಯ ಹೊಟ್ಟೆ ಸೀಳುವುದನ್ನು ಜೊತೆಗೆ ಕೂತು ಹೇಳಿಕೊಟ್ಟ. ಆಮೇಲೆ ಗುಂಡಿಗೆ, ಈಲಿಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕಡೆ ಚಾಚಿದ. ನಾನು ಕೈ ಮುಂದೆ ಮಾಡಲಿಲ್ಲ.

"ನಾನು ಟ್ರೈಬರ್ ಆಗಿ ಬಂದಿಲ್ಲ," ಅಂದೆ. ಧ್ವನಿ ಗಡಸಾಗಿತ್ತು.

ಅವನಿಗೆ ಅರ್ಥವಾಗಲಿಲ್ಲ. "ಟ್ರೈಬರ್‌ಗೆ ಯಾಕೆ ಕೊಡ್ತಾರೆ? ಕಾಡು ಗುತ್ತಿಗೆ ಹಿಡಿದವನು ನಾನು, ಮಾಂಸ ನನಗೆ ಬರುತ್ತೆ. ಇದು ಹೊಡೆದವನ ಹಕ್ಕು. ಪರೀಕ್ಷೆಗೆ ಓದಿಲ್ವಾ?"

ಓದಿದ್ದೆ. ಪರೀಕ್ಷೆಯಲ್ಲಿ ಕೇಳಿದಾಗ ತಪ್ಪಿಲ್ಲದೆ ಒಪ್ಪಿಸಿಯೂ ಇದ್ದೆ. ಪುಸ್ತಕದ ಆ ಹಕ್ಕು ಅಪ್ಪನ ಮುತ್ತುಗದ ಎಲೆಯಲ್ಲಿ ಬರುತ್ತಿದ್ದದ್ದೇ ಅನ್ನುವುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಚೀಲ ತೆಗೆದುಕೊಂಡೆ. ಇನ್ನೂ ಬೆಚ್ಚಗಿತ್ತು.

ಮರುದಿನ ಅಪ್ಪನಿಗೆ ಫೋನು ಮಾಡಿದೆ.

"ಯಾವ್ದು ತಗೊಂಡ್ಯೋ? ಗೌಡರದ್ರಂಗ ಬಳ್ಳಿ ಕೊರದದ್ದಾ?"

"ಇಲ್ಲಪಾ. ಸಾದಾದ್ದು. ನನ್ನ ಕೈ ಅಳತಿಗೆ ಕತ್ತರಿಸಿದ್ದು."

"ಪಾಲು ಏನ್ ಬಂತು?"

ಹೇಳಿದೆ. ಇಲ್ಲಿ ಅದು ಬಂದೂಕಿನವನ ಹಕ್ಕು ಅನ್ನುವುದನ್ನೂ ಹೇಳಿದೆ. ಅಪ್ಪ ನಗತೊಡಗಿದ.

"ಅಂದ್ರ ಇಷ್ಟು ವರ್ಸ ಗೌಡ ನಮಗ ಬಂದೂಕಿನಾಂವನ ಪಾಲು ಕೊಟ್ಟಾನ! ಅಂವಗ ಗೊತ್ತು ಮಾಡಬ್ಯಾಡ ಮತ್ತ, ವಾಪಸ್ ಕೇಳ್ಯಾನು."