ಎರಡು ಸಲ ಎಣಿಸಿದ ಹಲ್ಲು

1963ರ ಜುಲೈ 16, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ದಿನಚರಿಯಲ್ಲಿ ಹಾಗೆಯೇ ಇದೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಆಗ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ, ನಂಬುತ್ತೇನೆಂದೂ ಹೇಳಲಾರೆ.

ಶಿಡ್ಲಘಟ್ಟದ ಕೋರ್ಟಿನಲ್ಲಿ ನಾನು ಗುಮಾಸ್ತ. ಆ ವರ್ಷ ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗರಲ್ಲಿ ಅಂದು ಕೋರ್ಟಿಗೆ ತಂದ ಇವನು ಏಳನೆಯವನು, ಸಾದಲಿ ಕಡೆಯವನು. ಚಿಕ್ಕವನೆಂದು ಸಾಬೀತಾದರೆ ಬುದ್ಧಿ ಹೇಳಿ ತಾಯಿಯ ವಶಕ್ಕೆ ಬಿಡುವುದು, ದೊಡ್ಡವನಾದರೆ ಜೈಲು. ಹಿಂದಿನ ಆರು ಜನರಿಗೂ ಇದೇ ಗೆರೆ ಎಳೆದು ನನಗೆ ಸಾಕಾಗಿತ್ತು. ಇವನ ಹುಟ್ಟಿನ ದಾಖಲೆ ಎಲ್ಲೂ ಇರಲಿಲ್ಲ. ಇದ್ದದ್ದು ರಸ್ತೆ ಕೆಲಸದ ಹಾಜರಿ ಪಟ್ಟಿ. ಅದರಲ್ಲಿ ವಯಸ್ಸು ಹದಿನೆಂಟು.

“ಕೂಲಿ ಸಿಗ್ಲಿ ಅಂತ ನಾನೇ ಹಂಗೆ ಬರೆಸ್ದೆ ಸ್ವಾಮಿ,” ಎಂದಳು ತಾಯಿ. “ಚಿನ್ನೋಡು, ಚಿಕ್ಕ ಹುಡ್ಗ, ಇನ್ನೂ ಹದಿನಾಲ್ಕು ತುಂಬಿಲ್ಲ. ದೊಡ್ಡ ಮಗ ಇದಕ್ಕೇ ಜೈಲಿಗೆ ಹೋಗಿ ಕಳ್ತನ ಕಲ್ತು ಬಂದ. ಇವನೊಬ್ಬನ್ನ ಉಳಿಸ್ಕೊಡಿ.”

ವಯಸ್ಸು ತಿಳಿಯಲು ಮ್ಯಾಜಿಸ್ಟ್ರೇಟ್ ಸಾಹೇಬರು ಹಲ್ಲು ನೋಡಿಸಲು ಹೇಳಿದರು. ಹನ್ನೊಂದೂ ಹತ್ತಕ್ಕೆ ವೈದ್ಯರು ಬಾಯೊಳಗೆ ಬೆರಳಿಟ್ಟು ಎಣಿಸಿದರು, ನಾನು ಗೀಟು ಹಾಕಿದೆ. ಇಪ್ಪತ್ತೆಂಟು. ತಾಯಿಯ ಮುಖ ನೋಡಿ ಅವರು ಮತ್ತೊಮ್ಮೆ ಎಣಿಸಿದರು. ನಾನೂ ಬಗ್ಗಿ ನೋಡಿದೆ. ದೊಡ್ಡವರಿಗೆ ಬುದ್ಧಿಹಲ್ಲು ಬರುವ ದವಡೆಯ ಕೊನೆಯಲ್ಲಿ ಬರೀ ವಸಡು. ಅಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಹುಡುಗನನ್ನು ಬಿಟ್ಟರು.

ಒಂದೂ ನಲವತ್ತಕ್ಕೆ ಬಸ್ ನಿಲ್ದಾಣದಲ್ಲಿ ತಾಯಿ ಮಗ ಕಡಲೇಕಾಯಿ ತಿನ್ನುತ್ತಿದ್ದರು.

“ಏನಪ್ಪಾ, ಇನ್ಮೇಲೆ ಸೇದಲ್ಲ ತಾನೆ?” ಎಂದೆ.

ಅವನು ಬಾಯಿ ತುಂಬ ನಕ್ಕ. ಹಿಂದಿನ ಹಲ್ಲುಗಳು ಕಂಡವು. ಬಾಯಿ ತೆಗೆಸಿ ಎಣಿಸಿದೆ: ಮೂವತ್ತೆರಡು. ಆ ನಾಲ್ಕೂ ಸವೆದ ಹಲ್ಲುಗಳು, ಅವತ್ತು ಮೂಡಿದವಲ್ಲ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ವೈದ್ಯರನ್ನು ಕರೆತಂದೆ. ಅವರು ಬೆರಳಾಡಿಸಿ ನೋಡಿ ಕೈ ಒರೆಸಿಕೊಂಡರು.

“ನೀನೂ ನೋಡಿದ್ಯಲ್ಲ?”

“ನೋಡ್ದೆ ಸಾರ್. ಇರ್ಲಿಲ್ಲ.”

ತಾಯಿ ಮಗನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದಿದ್ದಳು.

“ಬಸ್ ಹತ್ತಿಸಪ್ಪ ಅವರನ್ನ,” ಎಂದರು ವೈದ್ಯರು.

ದಿನಚರಿಯ ಆ ಪುಟದಲ್ಲಿ ಒಂದೇ ಬಾಯಿಗೆ ಎರಡು ಲೆಕ್ಕಗಳಿವೆ. ಯಾವುದನ್ನೂ ಹೊಡೆದುಹಾಕಿಲ್ಲ. ಆಮೇಲೆ ಐದು ವರ್ಷ, ಪ್ರತಿ ಡಿಸೆಂಬರಿನಲ್ಲಿ ಕೋರ್ಟಿನ ಆರೋಪಿಗಳ ಪುಸ್ತಕ ಹುಡುಕಿದೆ. ಅವನ ಹೆಸರು ಮತ್ತೆ ಬರಲಿಲ್ಲ. ಮೊದಲಿನ ಆರು ಜನರಲ್ಲಿ ಜೈಲಿಗೆ ಹೋದ ನಾಲ್ವರ ಹೆಸರೂ ಬಂತು.

ಎರಡೂವರೆ ಗಂಟೆಯಲ್ಲಿ ಹೀಗಾಗುವುದುಂಟೇ ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕಣ್ತಪ್ಪು ನನ್ನದೇ ಎನ್ನಿಸಿದರೆ ಅದನ್ನೂ ಬರೆಯಿರಿ. ಆ ನಾಲ್ವರ ಹಲ್ಲನ್ನು ನಾವು ಒಂದೇ ಸಲ ಎಣಿಸಿದ್ದೆವು.