ಗದ್ದೆಗೆ ಇಳಿದ ಮೊದಲ ದಿನ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪಾವಗಡದ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನನ್ನ ಯಜಮಾನರಿಗೆ ಬಂದದ್ದು ಒಂದು ತುಂಡು ಹೊಲ. ಕಡಲೇಕಾಯಿ ಕಿತ್ತ ಮೇಲೆ ಅಲ್ಲಿ ಕೂಲಿಯೂ ಇಲ್ಲ. ಕೊರಟಗೆರೆ ಕಡೆ ಕೆರೆ ಕೆಳಗೆ ಎರಡು ಬೆಳೆ ಭತ್ತ, ವರ್ಷವೆಲ್ಲ ಕೆಲಸ ಎಂದು ಯಾರೋ ಹೇಳಿದರು. ಪಾತ್ರೆಪಗಡ ಗಂಟು ಕಟ್ಟಿಕೊಂಡು ಹೊರಟುಬಿಟ್ಟೆವು.

ಚನ್ನರಾಯನದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಗೌಡರೊಬ್ಬರು, "ನಿನ್ನೆಂಡ್ರಿಗೆ ಗದ್ದೆ ಕೆಲ್ಸ ಬತ್ತದೇನ್ಲಾ?" ಎಂದು ಕೇಳಿದರು. ನಮ್ಮವರು ಬರುತ್ತದೆ ಎಂದು ತಲೆಯಾಡಿಸಿಬಿಟ್ಟರು. ನಾನೋ ಭತ್ತದ ಪೈರನ್ನು ಕಣ್ಣಾರೆ ಕಂಡವಳೇ ಅಲ್ಲ.

"ಒಂದು ವಾರ ನೋಡ್ತೀನಿ. ಸರಿಹೋದ್ರೆ ಕೊಟ್ಟಿಗೆ ಪಕ್ಕದ ಕೋಣೇಲಿ ಇದ್ಕಳಿ. ಇಲ್ದಿದ್ರೆ ನಿಮ್ಮೂರ ದಾರಿ ಹಿಡೀರಿ" ಎಂದರು ಗೌಡರು.

ಮಾರನೆಯ ದಿನವೇ ಕಳೆ ಕೀಳುವ ಕೆಲಸ. ಹೆಣ್ಣಾಳುಗಳ ಮುಂದಾಳು ರಂಗಕ್ಕ ನನಗೊಂದು ಮೂಲೆ ತೋರಿಸಿದಳು. ಯಾರನ್ನಾದರೂ ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ! ಸೊಂಪಾಗಿದ್ದದ್ದು ಪೈರು, ಸಣಕಲಾಗಿದ್ದದ್ದು ಕಳೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಬೇಗ ಬೇಗ ಕಿತ್ತು ಬದುವಿನ ಮೇಲೆ ರಾಶಿ ಹಾಕುತ್ತಾ, ಎಲ್ಲರಿಗಿಂತ ನಾನೇ ಮುಂದೆ ಎಂದು ಬೀಗುತ್ತಿದ್ದೆ ಬೇರೆ.

ರಂಗಕ್ಕ ಬಂದು ರಾಶಿ ನೋಡಿದವಳೇ ಎದೆ ಹಿಡಿದುಕೊಂಡಳು. "ಅಯ್ಯೋ ನಮ್ಮವ್ವ, ಭತ್ತ ಎಲ್ಲಾ ಕಿತ್ತು ಹುಲ್ಲು ಬುಟ್ಟಿದ್ದೀಯಲ್ಲೇ!"

"ಅಕ್ಕಾ, ಏಂ ಚೇಸೇದಿ ಇಪ್ಪುಡು?" ಈಗೇನು ಮಾಡುವುದು ಎನ್ನಲು ಭಯಕ್ಕೆ ನನ್ನ ಬಾಯಲ್ಲಿ ನಮ್ಮೂರ ತೆಲುಗೇ ಬಂತು.

ಅವಳು ಬೈಯಲಿಲ್ಲ. ಎಲ್ಲರನ್ನೂ ಕೂಗಿ ಕರೆದು, ಬೇರು ಒಣಗುವ ಮೊದಲೇ ಪೈರನ್ನು ಮತ್ತೆ ನೆಡಿಸಿದಳು. ನಡುವೆ ಒಂದು ಪೈರು, ಒಂದು ಹುಲ್ಲು ನನ್ನ ಕೈಗೆ ಕೊಟ್ಟು, "ಎಲೆ ಬುಡ ಮುಟ್ಟಿ ನೋಡು. ಸಣ್ಣ ಕೂದ್ಲಂಗೆ ಇದ್ರೆ ಭತ್ತ, ಬೋಳಾಗಿದ್ರೆ ಹುಲ್ಲು. ಇಷ್ಟೇ ಕಣಮ್ಮ" ಎಂದಳು.

ಸಂಜೆ ಗೌಡರು ಬಂದರು. ಬಾಡಿ ಬಿದ್ದಿದ್ದ ಪೈರು ನೋಡಿ, "ಈ ಮೂಲೆ ಯಾರು ಕಿತ್ತಿದ್ದು?" ಎಂದು ಗುಡುಗಿದರು.

"ನಾನೇ ಕಣಪ್ಪ" ಎಂದಳು ರಂಗಕ್ಕ. "ಯಾಕೋ ಕಣ್ಣು ಮಂಜಾಯ್ತವೆ."

ಗೌಡರು ಎಲ್ಲರೆದುರು ಅವಳನ್ನು ಬೈದರು. ಮುಂದಿನ ನಾಟಿಗೆ ಮುಂದಾಳುತನ ಬೇರೆಯವಳಿಗೆ ಹೋಯಿತು. ಕೋಣೆ ನಮಗೆ ಸಿಕ್ಕಿತು. ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ನಾವು ಕೂಲಿಯ ಭತ್ತ ಕುಟ್ಟಿ ದಿನವೂ ಅನ್ನ ಉಂಡೆವು. ಮೂರು ಮಕ್ಕಳನ್ನು ಅಲ್ಲೇ ಹೆತ್ತೆ.

"ಯಾಕಕ್ಕಾ ಅಂಗಂದೆ?" ಎಂದು ಒಮ್ಮೆ ಕೇಳಿದ್ದೆ. "ನಂಗೆ ಮನೆ ಅದೆ ಕಣಮ್ಮ. ನಿಂಗೆ ಇರ್ನಿಲ್ವಲ್ಲ" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಗೌಡರಿಗೆ ನಿಜ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಈಗ ಗೌಡರೂ ಇಲ್ಲ, ರಂಗಕ್ಕನೂ ಇಲ್ಲ. ಅವಳನ್ನು ನೆನೆಯದೆ ನಾನು ಒಂದು ದಿನವೂ ತಟ್ಟೆಗೆ ಕೈಯಿಟ್ಟವಳಲ್ಲ. ಆದರೂ ಹೇಳಬೇಕಾದ ಮಾತೊಂದು ಉಳಿದುಬಿಟ್ಟಿತ್ತು, ಅದನ್ನು ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ರಂಗಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ. ಭತ್ತ ಕಿತ್ತವಳು ನಾನು.