ಕಾಲಿಗೆ ನೀರು

ನಮ್ಮ ಕಡೆ ದೂರದಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ಆಮೇಲೆ ಕುಡಿಯಲು ನೀರು, ಆಮೇಲೆ ಮಾತು. ಆಗದವರು ಬಂದರೂ ಅಷ್ಟೇ. ಈ ಪದ್ಧತಿಯಿಂದ ನನ್ನ ಕಿರಿಯ ಮಗನ ಕಾಲು ಹೋಗುವುದರಲ್ಲಿತ್ತು.

ಅವನು ಮಿಲಿಟರಿಯಲ್ಲಿದ್ದ. ಗಡಿಯಲ್ಲಿ ಕಾದಾಟ ಹತ್ತಿದಾಗ ಶೆಲ್ಲಿನ ಚೂರು ಬಡಿದು ಬಲಗಾಲಿನ ಎಲುಬು ಮೊಣಕಾಲ ಕೆಳಗೆ ಮುರಿಯಿತು. ಜೊತೆಗಾರರು ಅವನನ್ನು ಕಂಬಳಿಯಲ್ಲಿ ಹಾಕಿಕೊಂಡು ಗುಡ್ಡ ಇಳಿಸಿದರು. ತಲೆಯ ಕಡೆ ಹಿಡಿದವನು ಬೇರೆ ರಾಜ್ಯದವನು. ಕಣ್ಣು ಮುಚ್ಚಬೇಡ, ಮಾತಾಡುತ್ತಿರು, ನಿಮ್ಮೂರಲ್ಲಿ ಏನು ತಿನ್ನುತ್ತೀರಿ ಹೇಳು ಎಂದನಂತೆ. ನನ್ನ ಮಗ ಗಿರ್ಮಿಟ್ ಎಂದ.

ಮುಂದಿನದನ್ನು ಅವನು ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿಕೊಂಡೇ, ನೋಡಲು ಹೋದ ನನಗೆ ಹೇಳಿದ. “ಗಿರ್ಮಿಟ್ ಅಂದ್ರ ಬಡಿಗ್ಯಾರು ಕಟಗಿಗೆ ತೂತು ಹಾಕೋದಲ್ಲೇನು ಅಂದ, ಯವ್ವಾ. ಅಲ್ಲೋ ಮಾರಾಯ, ಚುರುಮುರಿ, ಉಳ್ಳಾಗಡ್ಡಿ, ಹುಣಸಿಹುಳಿ ಅಂದೆ. ಅವಗ ತಿಳೀಲಿಲ್ಲ. ತಿಳಿಸಿ ಹೇಳೂದ್ರಾಗ ಗಾಡಿ ನಿಂತಲ್ಲಿಗೆ ಬಂದ್ವಿ.”

“ಕಡೀಕರ ತಿಳೀತೇನು?”

“ಇಲ್ಲ. ಇನ್ನೂ ತೂತು ಹಾಕೋದ ಅಂತಾನ.”

ಕಾಲಿನ ಸುತ್ತ ಕಬ್ಬಿಣದ ಸರಳು ಕೂಡಿಸಿದ್ದರು. ಅಲ್ಲಿನ ನರ್ಸಿಗೆ ನನ್ನ ಮಾತು ಬಾರದು, ನನಗೆ ಅವಳದು ಬಾರದು. ನನ್ನ ಕೈ ಹಿಡಿದು ಕಲಿಸಿದಳು. ಕೈ ತಿಕ್ಕಿ ತೊಳೆ, ಗಾಯದ ಬಟ್ಟೆ ಬಿಚ್ಚು, ಮೂಗು ಹತ್ತಿರ ಒಯ್ಯಿ. ವಾಸನೆ ಬಂದರೆ ಓಡು. ಓಡುವುದನ್ನು ವಾರ್ಡಿನಲ್ಲೇ ಓಡಿ ತೋರಿಸಿದಳು. ಬಿಡುಗಡೆಯ ದಿನ ಡಾಕ್ಟರು ಕನ್ನಡ ಬಲ್ಲ ಸಿಪಾಯಿಯೊಬ್ಬನನ್ನು ಕರೆಸಿ ಹೇಳಿಸಿದರು: “ಯವ್ವಾ, ಕಾಸದ ಹಸಿ ನೀರು ತಾಗಬಾರದ್ರಿ. ಕೀವು ಎಲುಬಿಗಿಳಿದ್ರ ಕಾಲು ತಗೀಬೇಕಕ್ಕೈತಿ.”

ಗದಗ ಸ್ಟೇಷನ್ನಿನಿಂದ ಶಿರಹಟ್ಟಿಯ ಆಚೆಗಿರುವ ನಮ್ಮೂರ ತನಕ ಆ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ರಸ್ತೆಯ ತಗ್ಗುಗಳೆಲ್ಲ ನನ್ನ ಸೊಂಟಕ್ಕೆ ಬಿದ್ದವು. ಊರ ಅಗಸಿ ಬಾಗಿಲಲ್ಲಿ ಹಲಗಿ ಬಾರಿಸುತ್ತಿದ್ದರು. ಮಾಲೆಯ ಮೇಲೆ ಮಾಲೆ ಹಾಕಿದರು.

“ಯವ್ವಾ, ಒಂದಕ್ಕ ಹೋಗಬೇಕಾಗೈತಿ,” ಎಂದ ಮಗ.

“ತಡಿ. ಪಂಚಾಯ್ತಿಯವರ ಮಾಲಿ ಇನ್ನೂ ಉಳದೈತಿ.”

ಅವನನ್ನು ಕುರ್ಚಿಯಲ್ಲಿ ಕೂರಿಸಿ ಮನೆಯ ಬಾಗಿಲಿಗೆ ಹೊತ್ತು ತಂದರು. ಬಾಗಿಲಲ್ಲಿ ನನ್ನ ನಾದಿನಿ ಕೊಡ ಹಿಡಿದು ನಿಂತಿದ್ದಳು. ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದವಳು, ಇವನನ್ನು ಎತ್ತಿ ಆಡಿಸಿದವಳು. ನಾನು ಗಂಟು ಇಳಿಸಿಕೊಳ್ಳುತ್ತಾ ಹಿಂದೆ ಉಳಿದಿದ್ದೆ. “ನನ್ನ ಕೂಸ ದೇಶ ಕಾದು ಬಂದೈತಿ,” ಎಂದು ಇಡೀ ಕೊಡ ಅವನ ಕಾಲಿಗೆ ಸುರಿದಳು. ಪಾದಕ್ಕಷ್ಟೇ ಅಲ್ಲ, ಪ್ರೀತಿ ಹೆಚ್ಚಾಗಿ ಮೊಣಕಾಲ ತನಕ. ನಲ್ಲಿಯ ನೀರೂ ಅಲ್ಲ. ಮಡಿಯಿಂದ ಹೋಗಿ ಕೆರೆಯಿಂದ ತಂದದ್ದು.

“ಅತ್ತಿ, ಅದನ್ನ ಹಸಿ ಮಾಡಬಾರದಿತ್ತು,” ಎಂದ ಮಗ. ಅಷ್ಟೇ ಅಂದ.

ನಾನು ಅಷ್ಟೇ ಅನ್ನಲಿಲ್ಲ. ನಾನು ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಮಂದಿಯನ್ನು ಹೊರಗಟ್ಟಿ ಬಾಗಿಲು ಹಾಕಿದೆ. ಹಸಿ ಬಟ್ಟೆ ಬಿಚ್ಚಿ, ಆಸ್ಪತ್ರೆಯವರು ಕೊಟ್ಟ ಔಷಧದಿಂದ ತೊಳೆದು, ಬೇರೆ ಕಟ್ಟಿದೆ. ಅವನು ಟವೆಲ್ ಕಚ್ಚಿಕೊಂಡಿದ್ದ. ಮರುದಿನದಿಂದ ಚಹಾಕ್ಕೆ ಮೊದಲು ಗಾಯ ಮೂಸುವುದು ನನ್ನ ಕೆಲಸವಾಯಿತು. ಮೊದಲು ಏನೂ ಇರಲಿಲ್ಲ. ಒಂದು ಮುಂಜಾನೆ ಅವನಿಗೆ ಮೈ ಸುಡುತ್ತಿತ್ತು, ಗಾಯ ನೆನೆದ ಗೋಣಿಚೀಲದ ಹಾಗೆ ನಾರಿತು. ನಾದಿನಿಯನ್ನು ಕರೆದು ಮೂಸು ಎಂದೆ. ಮೂಸಿದಳು. ಅಲ್ಲೇ ಕೂತು ಅಳಲು ಹತ್ತಿದಳು.

“ಏಳ. ಅಳೂದು ಗಾಡಿಯಾಗ ಅಳು,” ಎಂದೆ.

ಗದಗಿನ ಎಲುಬಿನ ಡಾಕ್ಟರು ನೋಡಿ, ಕೀವು ಇನ್ನೂ ಮೇಲೆಯೇ ಇದೆ, ಎಲುಬಿಗೆ ಇಳಿಯದಂತೆ ನೋಡೋಣ ಎಂದರು. ಅಡ್ಮಿಟ್ ಮಾಡಿಕೊಂಡರು. ನಾದಿನಿ ಅವರ ದಾರಿಗೆ ಅಡ್ಡ ನಿಂತಳು.

“ಸಾಹೇಬ್ರ, ತಗೀಬೇಕಾದ್ರ ನಂದು ತಗದು ಅವಗ ಹಚ್ಚರಿ.”

ಡಾಕ್ಟರು ಅವಳ ಕಾಲು ನೋಡಿದರು. “ನಿಮ್ದು ಸಾಲಂಗಿಲ್ಲ ಬಿಡ್ರಿ ಅಮ್ಮಾ. ಹುಡುಗ ಎತ್ತರ ಅದಾನ.”

ಅವಳು ವರಾಂಡ ಬಿಟ್ಟು ಏಳಲಿಲ್ಲ. ನಾನು ತಂದ ರೊಟ್ಟಿ ಮುಟ್ಟಲಿಲ್ಲ. ಜ್ವರ ಇಳಿದ ದಿನ ನನ್ನ ಪಾಲಿನದೂ ತಿಂದಳು.

ಕಾಲು ಉಳಿಯಿತು. ಒಂದಿಷ್ಟು ಗಿಡ್ಡಾಯಿತು, ಆದರೆ ಅವನದೇ ಕಾಲು. ಮಿಲಿಟರಿಯವರು ಅವನಿಗೆ ಕೂತು ಮಾಡುವ ಕೆಲಸ ಕೊಟ್ಟರು. ಮೊದಲ ಸಲ ರಜೆಗೆ ಬಂದಾಗ ಬಸ್ಸಿಳಿದು ಕುಂಟುತ್ತಾ ತಾನೇ ನಡೆದು ಬಂದ. ಹಲಗಿ ಇರಲಿಲ್ಲ. ನಾದಿನಿ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಹಾಕಲು ಕೈ ಬರಲಿಲ್ಲ. ನಾನು ಇಸಿದುಕೊಂಡು ಎಡಗಾಲಿಗೆ ಹಾಕಿ, ಒಳಗೆ ನಡಿ ಎಂದೆ.

“ಯವ್ವಾ, ಇನ್ನೊಂದಕ್ಕ?”

“ಅದಕ್ಕ ನಿಮ್ಮತ್ತಿ ಆಗಳೇ ಒಂದ್ ಕೊಡ ಹಾಕ್ಯಾಳ.”

ನಾದಿನಿ ತಂಬಿಗೆ ಕಸಿದುಕೊಂಡು ಬಲಗಾಲಿಗೂ ಹಾಕಿದಳು. ನೀರು ಕಾಸಿ ಆರಿಸಿಟ್ಟಿದ್ದಳು.